ಬ್ಯಾಟಿಂಗ್ ಕ್ರಮಾಂಕ

ಕ್ರಿಕೆಟ್, ಬೇಸ್‌ಬಾಲ್, ಸಾಫ್ಟ್‌ಬಾಲ್ ಮೊದಲಾದ ದಾಂಡು-ಚೆಂಡಿನ ಆಟಗಳಲ್ಲಿ ತಂಡದ ಆಟಗಾರರು ಒಬ್ಬರ ನಂತರ ಒಬ್ಬರು ಬ್ಯಾಟು ಹಿಡಿದು ಇಳಿಯುವ ಸರದಿ. ಕನ್ನಡ ಪತ್ರಿಕೆಗಳ ಕ್ರೀಡಾಪುಟದಲ್ಲಿ ಮೇಲಿನ ಕ್ರಮಾಂಕ, ಮಧ್ಯಮ ಕ್ರಮಾಂಕ, ಕೆಳ ಕ್ರಮಾಂಕ ಎಂಬ ಹೆಸರುಗಳು ನೆಲೆಯೂರಿವೆ. ಕಟ್ಟಕಡೆಗೆ ಬರುವ ಬೌಲರ್‌ಗಳಿಗೆ ‘ಬಾಲಂಗೋಚಿ’ ಎಂಬ ಹೆಸರೂ ಅಲ್ಲೇ ಹುಟ್ಟಿ ಬೆಳೆದದ್ದು. ಮೈದಾನದ ಬಾಯಿಮಾತು ಬೇರೆ: ಓಪನಿಂಗ್, ಒನ್ ಡೌನ್, ಟೂ ಡೌನ್. ಒನ್ ಡೌನ್ ಅಂದರೆ ಒಂದು ವಿಕೆಟ್ ಬಿದ್ದ ಮೇಲೆ ಹೋಗುವವನು, ಅಂದರೆ ಮೂರನೆಯವನು. ಪತ್ರಿಕೆ ಓದಿ ಆಟ ಕಲಿತವರೂ ಗದ್ದೆಯಲ್ಲಿ ಆಡಿ ಕಲಿತವರೂ ಈ ಎರಡು ಲೆಕ್ಕಗಳ ನಡುವೆ ಇವತ್ತಿಗೂ ಒಮ್ಮೊಮ್ಮೆ ಮುಗ್ಗರಿಸುತ್ತಾರೆ.

ಕ್ರಮಾಂಕವನ್ನು ಅರ್ಹತೆಯ ಪಟ್ಟಿಯೆಂದು ತಿಳಿಯುವವರು ಬಹಳ. ಚೆನ್ನಾಗಿ ಆಡುವವನು ಮೇಲೆ, ಬಾರದವನು ಕೆಳಗೆ ಎಂಬುದು ಅರ್ಧ ಸತ್ಯ ಮಾತ್ರ. ಕ್ರಮಾಂಕ ಕಟ್ಟುವವನು ನಿಜವಾಗಿ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಿರುತ್ತಾನೆ: ಇವನು ಇಳಿಯುವಾಗ ಇನ್ನೆಷ್ಟು ಚೆಂಡು ಉಳಿದಿರುತ್ತದೆ, ಆಗ ಇವನ ಎದುರು ತುದಿಯಲ್ಲಿ ಯಾರಿರುತ್ತಾರೆ. ಆಟದ ಉದ್ದ ಬದಲಾದಂತೆ ಈ ಉತ್ತರಗಳೂ ಬದಲಾಗುತ್ತವೆ.

ಏಣಿ ಮತ್ತು ಗಾಣ

ಕ್ರಿಕೆಟ್ ನಿಯಮದಂತೆ ನಾಯಕ ಟಾಸ್‌ಗೆ ಮೊದಲು ಹನ್ನೊಂದು ಹೆಸರು ಕೊಡಬೇಕು, ಅವರು ಇಳಿಯುವ ಕ್ರಮ ಹೇಳಬೇಕಾಗಿಲ್ಲ. ಪ್ರತಿ ವಿಕೆಟ್ ಬಿದ್ದಾಗಲೂ ಮನಸ್ಸು ಬದಲಿಸಬಹುದು. ಕಟ್ಟುಪಾಡು ಒಂದೇ: ವಿಕೆಟ್ ಬಿದ್ದ 3 ನಿಮಿಷದೊಳಗೆ ಮುಂದಿನ ಚೆಂಡಿಗೆ ಸಜ್ಜಾಗಿರಬೇಕು. 2023ರ ವಿಶ್ವಕಪ್‌ನಲ್ಲಿ ಈ ಅವಧಿಯನ್ನು 2 ನಿಮಿಷಕ್ಕೆ ಇಳಿಸಿದ್ದರು. ಆ ನವೆಂಬರ್ 6ರಂದು ದೆಹಲಿಯಲ್ಲಿ ಶ್ರೀಲಂಕಾದ ಏಂಜೆಲೊ ಮ್ಯಾಥ್ಯೂಸ್ ಹೆಲ್ಮೆಟ್ಟಿನ ಪಟ್ಟಿ ಕಿತ್ತುಹೋಗಿ ತಡವಾಗಿ, ಒಂದೂ ಚೆಂಡು ಎದುರಿಸದೆ ಹಿಂದಿರುಗಿದರು.

ಬೇಸ್‌ಬಾಲ್‌ನಲ್ಲಿ ಈ ಸಡಿಲ ಇಲ್ಲ. ಆಟಕ್ಕೆ ಮೊದಲೇ ಒಂಬತ್ತು ಹೆಸರುಗಳ ಚೀಟಿಯನ್ನು ಅಂಪೈರ್ ಕೈಗೆ ಕೊಡಬೇಕು. ಸರದಿ ತಪ್ಪಿ ಒಬ್ಬ ಆಡಿ, ಎದುರು ತಂಡ ಸಕಾಲದಲ್ಲಿ ತಕರಾರು ಎತ್ತಿದರೆ ನಿಜಕ್ಕೂ ಆಡಬೇಕಾಗಿದ್ದವನು ಔಟ್. ಬದಲಿ ಆಟಗಾರ ಬಂದರೆ ಹೋದವನು ಮತ್ತೆ ಬರುವಂತಿಲ್ಲ. ಮೂರು ಜನ ಔಟಾದರೆ ಸರದಿ ಎದುರು ತಂಡಕ್ಕೆ. ತಿರುಗಿ ಬಂದಾಗ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದಿನವನು ಶುರು ಮಾಡುತ್ತಾನೆ. ಒಂಬತ್ತನೆಯವನಾದ ಮೇಲೆ ಮತ್ತೆ ಒಂದನೆಯವನು. ಕ್ರಿಕೆಟ್ಟಿನ ಕ್ರಮಾಂಕ ಏಣಿ, ಇಳಿದವನು ಇಳಿದ ಹಾಗೆ. ಬೇಸ್‌ಬಾಲಿನದು ಆಲೆಮನೆಯ ಗಾಣಕ್ಕೆ ಕಟ್ಟಿದ ಕೋಣದ ಸುತ್ತು.

ಸುತ್ತು ಆದದ್ದರಿಂದ ಅಲ್ಲಿ ಲೆಕ್ಕ ಹಾಕುವುದು ಸುಲಭ. ಒಂಬತ್ತರಲ್ಲಿ ಒಂದು ಮೆಟ್ಟಿಲು ಕೆಳಗಿಳಿದರೆ ಪಂದ್ಯಕ್ಕೆ ಸರಾಸರಿ ಒಂಬತ್ತನೇ ಒಂದು ಸರದಿ ಕಡಿಮೆ. ಅಮೆರಿಕದ ಮೇಜರ್ ಲೀಗ್‌ನ 162 ಪಂದ್ಯಗಳ ಋತುವಿನಲ್ಲಿ ಅದು 18 ಸರದಿ. ಹಳೆಯ ಪದ್ಧತಿಯಲ್ಲಿ ಮೊದಲನೆಯವನು ಚುರುಕು ಕಾಲಿನವನು, ಎರಡನೆಯವನು ಅವನನ್ನು ಮುಂದಿನ ಬೇಸ್‌ಗೆ ದೂಡುವವನು, ಮೂರನೆಯವನು ತಂಡದ ಉತ್ತಮ ಆಟಗಾರ, ನಾಲ್ಕನೆಯವನು ದೂರ ಹೊಡೆದು ಬೇಸ್‌ನಲ್ಲಿ ನಿಂತವರನ್ನೆಲ್ಲ ಮನೆ ಮುಟ್ಟಿಸುವವನು. ನ್ಯೂಯಾರ್ಕ್ ಯಾಂಕೀಸ್ ತಂಡ 1929ರಲ್ಲಿ ಅಂಗಿಯ ಬೆನ್ನಿಗೆ ಅಂಕೆ ಹಾಕಿದಾಗ ಕ್ರಮಾಂಕವನ್ನೇ ಬರೆದಿತ್ತು. ಬೇಬ್ ರೂತ್‌ಗೆ 3, ಲೂ ಗೆರಿಗ್‌ಗೆ 4 ಬಂದದ್ದು ಹಾಗೆ. ಇತ್ತೀಚಿನ ಅಂಕಿಅಂಶ ಪಂಡಿತರು, ಅವರಲ್ಲಿ ಮುಖ್ಯವಾಗಿ ಟಾಮ್ ಟ್ಯಾಂಗೊ ಮತ್ತು ಅವರ ಸಂಗಡಿಗರು, ಇದನ್ನು ಕೆದಕಿ ನೋಡಿ ಬೇರೆ ಮಾತು ಹೇಳಿದರು: ತಂಡದ ಅತ್ಯುತ್ತಮ ಮೂವರು ಒಂದು, ಎರಡು, ನಾಲ್ಕರಲ್ಲಿರಲಿ. ಮೊದಲನೆಯವನಿಗೆ ಕಾಲಿನ ಓಟಕ್ಕಿಂತ ಔಟಾಗದೆ ಬೇಸ್ ತಲುಪುವ ಗುಣ ಬೇಕು. ಮೂರನೆಯವನು ಎರಡು ಔಟಾಗಿ, ಬೇಸ್ ಖಾಲಿಯಿರುವ ಹೊತ್ತಿನಲ್ಲಿ ಬರುವುದು ಹೆಚ್ಚು. ಹಾಗಾಗಿ ಅಲ್ಲಿ ಒಳ್ಳೆಯ ಆಟಗಾರನನ್ನು ಇಟ್ಟರೆ ವ್ಯರ್ಥ.

ಪಿಚರ್‌ಗಳು, ಅಂದರೆ ಅಲ್ಲಿನ ಬೌಲರ್‌ಗಳು, ಬ್ಯಾಟಿಂಗಿನಲ್ಲಿ ತೀರ ಕಳಪೆ. ಅವರ ಬದಲು ಆಡಲೆಂದೇ ಒಬ್ಬನನ್ನು ನೇಮಿಸಿಕೊಳ್ಳುವ ಪದ್ಧತಿ ಅಮೆರಿಕನ್ ಲೀಗ್‌ನಲ್ಲಿ 1973ರಲ್ಲಿ ಬಂತು, ನ್ಯಾಷನಲ್ ಲೀಗ್ 2022ರಲ್ಲಿ ಒಪ್ಪಿಕೊಂಡಿತು. ಅಲ್ಲಿಗೆ ಬೇಸ್‌ಬಾಲ್ ತನ್ನ ಬಾಲಂಗೋಚಿಯನ್ನು ಕತ್ತರಿಸಿಕೊಂಡಿತು. ಟೆಸ್ಟ್ ಕ್ರಿಕೆಟ್ ಅಂಥ ಮೂರ್ಖತನ ಮಾಡಿಲ್ಲವೆಂಬುದು ಈ ಲೇಖಕನ ಸಮಾಧಾನ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಮನೆಗಳ ಮಕ್ಕಳು ಸೇರುವ ಲಿಟ್ಲ್ ಲೀಗ್‌ನಂಥ ಎಳೆಯರ ಆಟದಲ್ಲಿ ಇನ್ನೊಂದು ಪದ್ಧತಿಗೂ ಅವಕಾಶವಿದೆ: ಬಂದ ಎಲ್ಲ ಮಕ್ಕಳ ಹೆಸರೂ ಸರದಿಯಲ್ಲಿ ಬರೆದು, ಹನ್ನೆರಡು ಜನರಿದ್ದರೆ ಹನ್ನೆರಡೂ ಮಂದಿಯನ್ನು ಸುತ್ತಿಸುತ್ತಾರೆ. ಕೂತು ಬೇಸರಪಡುವವರಿಲ್ಲ. ನಮ್ಮ ಊರಿನ ಹುಡುಗರ ಆಟಕ್ಕೆ ಇದೇ ಹತ್ತಿರ.

ಒಂದರಿಂದ ಏಳು

ಕ್ರಿಕೆಟ್ಟಿನ ದೀರ್ಘ ಪಂದ್ಯದಲ್ಲಿ ಕ್ರಮಾಂಕವನ್ನು ನಿರ್ಧರಿಸುವುದು ಮುಖ್ಯವಾಗಿ ಚೆಂಡಿನ ವಯಸ್ಸು. ಹೊಸ ಚೆಂಡು ಗಟ್ಟಿ, ಹೊಳಪು, ಗಾಳಿಯಲ್ಲಿ ತಿರುಗುತ್ತದೆ, ಪುಟಿದು ಎದ್ದೇಳುತ್ತದೆ. ಅದರ ಹಲ್ಲು ಸವೆಸುವುದು ಆರಂಭಿಕರ ಕೆಲಸ. ರನ್ನಿಗಿಂತ ಬಿಟ್ಟ ಚೆಂಡುಗಳಿಗೆ ಅಲ್ಲಿ ಬೆಲೆ. ಒಬ್ಬ ಎಡಗೈ, ಒಬ್ಬ ಬಲಗೈಯಾದರೆ ಬೌಲರ್ ಪ್ರತಿ ರನ್ನಿಗೂ ಗುರಿ ತಿದ್ದಿಕೊಳ್ಳಬೇಕಾಗುತ್ತದೆ, ಫೀಲ್ಡಿಂಗ್ ಅತ್ತಿತ್ತ ಓಡಬೇಕಾಗುತ್ತದೆ. ಮೂರನೆಯವನು ಎರಡನೇ ಚೆಂಡಿಗೂ ಇಳಿಯಬಹುದು, ಮಧ್ಯಾಹ್ನದ ಊಟ ಮುಗಿಸಿಯೂ ಇಳಿಯಬಹುದು. ಹಾಗಾಗಿ ಅವನಲ್ಲಿ ಆರಂಭಿಕನ ತಾಳ್ಮೆ, ನಾಲ್ಕನೆಯವನ ಹೊಡೆತ ಎರಡೂ ಇರಬೇಕು. ನಾಲ್ಕು ಸೊಗಸಿನ ಜಾಗ. ಆರನೆಯವನು, ಏಳನೆಯವನು 80 ಓವರು ಮುಗಿದು ಎರಡನೇ ಹೊಸ ಚೆಂಡು ಬರುವ ಹೊತ್ತಿಗೆ ಸಿಕ್ಕಿಬೀಳುವವರು. ಹೆಸರಿಗೆ ಕೆಳಗಿನ ಜಾಗವಾದರೂ ಹೊಸ ಚೆಂಡಿನ ಕಾಟ ಅವರಿಗೂ ತಪ್ಪಿದ್ದಲ್ಲ.

ಕರ್ನಾಟಕ ಈ ಜಾಗಗಳಿಗೆಲ್ಲ ಮಾದರಿ ಕೊಟ್ಟಿದೆ. ಮೊದಲು ನಾಲ್ಕನೆಯ ಜಾಗ. ಮಲೆನಾಡಿನ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ 1967ರಲ್ಲಿ ಆಂಧ್ರದ ವಿರುದ್ಧ ತಮ್ಮ ಮೊದಲ ರಣಜಿ ಪಂದ್ಯದಲ್ಲೇ 230 ಹೊಡೆದರು. 1969ರಲ್ಲಿ ಕಾನ್ಪುರದ ಮೊದಲ ಟೆಸ್ಟ್‌ನಲ್ಲಿ ಸೊನ್ನೆ, ಆಮೇಲೆ 137. ಮುಂದೆ ಭಾರತದ ನಾಲ್ಕನೆಯ ಸ್ಥಾನ ಅವರ ಹೆಸರಿನಲ್ಲೇ ಬರೆದ ಹಾಗಿತ್ತು. 1973-74ರ ರಣಜಿ ಸೆಮಿಫೈನಲ್‌ನಲ್ಲಿ ಬೆಂಗಳೂರಿನಲ್ಲಿ ಅವರ 162 ಮತ್ತು ಬ್ರಿಜೇಶ್ ಪಟೇಲ್ ಅವರ 106ರ ಮೇಲೆ ಕರ್ನಾಟಕ ನಿಂತಿತು. ಸತತ 15 ವರ್ಷ ಟ್ರೋಫಿ ಬಿಟ್ಟುಕೊಡದಿದ್ದ ಮುಂಬಯಿ ಆ ಪಂದ್ಯದಲ್ಲಿ ಹೊರಬಿತ್ತು. ಎರಪಳ್ಳಿ ಪ್ರಸನ್ನ ನಾಯಕತ್ವದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಪ್ರಶಸ್ತಿ ಬಂತು. ಇದೇ ತಂಡ ಮೈಸೂರು ಎಂಬ ಹೆಸರಿನಲ್ಲಿ 1934ರ ನವೆಂಬರ್ 4ರಂದು ಚೆಪಾಕ್‌ನಲ್ಲಿ ರಣಜಿಯ ಮೊಟ್ಟಮೊದಲ ಪಂದ್ಯ ಆಡಿ, 48 ಮತ್ತು 59ಕ್ಕೆ ಉರುಳಿ, ಒಂದೇ ದಿನದಲ್ಲಿ ಮದ್ರಾಸಿಗೆ ಶರಣಾಗಿತ್ತು. ಅಂಥ ದಿನ ಯಾವ ಕ್ರಮಾಂಕವೂ ಕೈಹಿಡಿಯುವುದಿಲ್ಲ.

ಮೂರನೆಯ ಜಾಗಕ್ಕೆ ರಾಹುಲ್ ದ್ರಾವಿಡ್. ಅವರು ಶುರು ಮಾಡಿದ್ದು ಮಾತ್ರ ಅಲ್ಲಿಂದಲ್ಲ. 1996ರ ಜೂನ್‌ನಲ್ಲಿ ಲಾರ್ಡ್ಸ್‌ನ ಮೊದಲ ಟೆಸ್ಟ್‌ನಲ್ಲಿ ಏಳನೆಯವರಾಗಿ ಇಳಿದು 95 ಮಾಡಿದರು. ಆರೇಳು ತಿಂಗಳಲ್ಲಿ, 1997ರ ಜನವರಿಯಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ, ಮೂರನೆಯ ಸ್ಥಾನದಲ್ಲಿ 148. ಆಮೇಲೆ ಆ ಜಾಗದಲ್ಲೇ 10 ಸಾವಿರಕ್ಕೂ ಹೆಚ್ಚು ಟೆಸ್ಟ್ ರನ್. ಆದರೂ ತಂಡಕ್ಕೆ ಬೇಕಾದಾಗ ಮೇಲೂ ಹೋದರು, ಕೆಳಗೂ ಇಳಿದರು. 2006ರಲ್ಲಿ ಲಾಹೋರ್‌ನಲ್ಲಿ ಆರಂಭಿಕನಾಗಿ ವೀರೇಂದ್ರ ಸೆಹ್ವಾಗ್ ಜೊತೆ 410 ರನ್ ಸೇರಿಸಿದರು. ವಿನೂ ಮಂಕಡ್-ಪಂಕಜ್ ರಾಯ್ ಜೋಡಿಯ 413ಕ್ಕೆ ಮೂರೇ ಕಡಿಮೆ. 2011ರಲ್ಲಿ ಓವಲ್‌ನಲ್ಲಿ ಮತ್ತೆ ಆರಂಭಿಕನಾಗಿ ಹೋಗಿ, ಹತ್ತೂ ವಿಕೆಟ್ ಬಿದ್ದರೂ ತಾವು ಔಟಾಗದೆ 146 ಹೊಡೆದು ಹಿಂದಿರುಗಿದರು. 2003ರ ವಿಶ್ವಕಪ್‌ನಲ್ಲಿ ಕೈಗವಸು ತೊಟ್ಟು ವಿಕೆಟ್ ಕಾದದ್ದೂ ಕ್ರಮಾಂಕದ ಲೆಕ್ಕದಿಂದಲೇ. ಅವರು ಕೀಪರ್ ಆದರೆ ಒಬ್ಬ ಬ್ಯಾಟರ್ ಹೆಚ್ಚಿಗೆ ಸಿಗುತ್ತಿದ್ದ.

ಇನ್ನು ಕೆ.ಎಲ್. ರಾಹುಲ್. ಒಬ್ಬನೇ ಆಟಗಾರನ ಬದುಕಿನಲ್ಲಿ ಇಡೀ ಕ್ರಮಾಂಕವನ್ನು ನೋಡಬೇಕೆಂದರೆ ಇವರನ್ನೇ ನೋಡಬೇಕು. 2015ರ ಜನವರಿಯಲ್ಲಿ ಉತ್ತರ ಪ್ರದೇಶದ ವಿರುದ್ಧ ಆರಂಭಿಕನಾಗಿ 337 ಹೊಡೆದು ರಣಜಿಯಲ್ಲಿ ಕರ್ನಾಟಕದ ಮೊದಲ ತ್ರಿಶತಕ ಬರೆದರು. 2019ರ ವಿಶ್ವಕಪ್ಪನ್ನು ನಾಲ್ಕನೆಯವರಾಗಿ ಶುರು ಮಾಡಿ, ಶಿಖರ್ ಧವನ್ ಗಾಯಗೊಂಡ ಮೇಲೆ ಆರಂಭಿಕರಾದರು. 2023ರ ವಿಶ್ವಕಪ್‌ನಲ್ಲಿ ಕೀಪಿಂಗ್ ಜೊತೆಗೆ ಐದನೆಯ ಸ್ಥಾನ. ಚೆನ್ನೈನಲ್ಲಿ ಆಸ್ಟ್ರೇಲಿಯದ ಇನಿಂಗ್ಸ್ ಪೂರ್ತಿ ವಿಕೆಟ್ ಹಿಂದೆ ಕೂತೆದ್ದು, ಸ್ನಾನ ಮುಗಿಸಿ ಅರ್ಧ ಗಂಟೆ ಕಾಲು ಚಾಚೋಣವೆಂದುಕೊಂಡಿದ್ದರಂತೆ. ಅಷ್ಟರಲ್ಲಿ ಭಾರತ 2 ರನ್ನಿಗೆ 3 ವಿಕೆಟ್. ಔಟಾಗದೆ 97 ಹೊಡೆದರು. 2024ರ ನವೆಂಬರ್‌ನಲ್ಲಿ ಪರ್ತ್‌ನಲ್ಲಿ ಯಶಸ್ವಿ ಜೈಸ್ವಾಲ್ ಜೊತೆ ಮೊದಲ ವಿಕೆಟ್ಟಿಗೆ 201. ಅಡಿಲೇಡ್‌ಗೆ ನಾಯಕ ರೋಹಿತ್ ಶರ್ಮಾ ಬಂದಾಗ ಅವರೇ ಆರಕ್ಕಿಳಿದು ರಾಹುಲ್‌ಗೆ ಆರಂಭಿಕ ಜಾಗ ಬಿಟ್ಟರು. ಮೆಲ್ಬರ್ನ್‌ನಲ್ಲಿ ರೋಹಿತ್ ಮೇಲೆ ಬಂದರು, ರಾಹುಲ್ ಮೂರಕ್ಕೆ ಸರಿದರು. 2025ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಎಡಗೈಯ ಅಕ್ಷರ್ ಪಟೇಲ್ ಐದಕ್ಕೆ, ರಾಹುಲ್ ಆರಕ್ಕೆ. ಸೆಮಿಫೈನಲ್‌ನಲ್ಲಿ 42, ಫೈನಲ್‌ನಲ್ಲಿ 34, ಎರಡರಲ್ಲೂ ಔಟಾಗದೆ ಪಂದ್ಯ ಮುಗಿಸಿ ಬಂದರು. ಇಷ್ಟು ಕಡೆ ಓಡಾಡಿಸಿದರೆ ಆಟಗಾರ ಹಾಳಾಗುತ್ತಾನೆ ಎನ್ನುವವರಿದ್ದಾರೆ. ಅವರ ವಾದ ಪೂರ್ತಿ ಸುಳ್ಳಲ್ಲ, ಆದರೆ ಹೀಗೆ ಓಡಾಡಬಲ್ಲ ಒಬ್ಬನಿದ್ದರೆ ಉಳಿದ ಹತ್ತು ಜನ ಅವರವರ ಜಾಗದಲ್ಲಿ ನೆಮ್ಮದಿಯಾಗಿರುತ್ತಾರೆ.

ಕ್ರಮ ತಿರುಗಿಸಿದವರು

ಬರೆದ ಕ್ರಮವನ್ನು ಮುರಿದು ಗೆದ್ದ ಪಂದ್ಯಗಳಲ್ಲಿ ಎರಡು ಹೆಸರುವಾಸಿ. 1937ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಮಳೆಗೆ ನೆನೆದ ಪಿಚ್ ಆಡಲಾಗದಂತಿತ್ತು. ಆಸ್ಟ್ರೇಲಿಯದ ನಾಯಕ ಡಾನ್ ಬ್ರಾಡ್ಮನ್ ಎರಡನೇ ಇನಿಂಗ್ಸಿಗೆ ಬಾಲಂಗೋಚಿಗಳಾದ ಬಿಲ್ ಒ’ರೈಲಿ ಮತ್ತು ಫ್ಲೀಟ್‌ವುಡ್-ಸ್ಮಿತ್ ಅವರನ್ನೇ ಓಪನಿಂಗಿಗೆ ಅಟ್ಟಿದರು. ಪಿಚ್ ಒಣಗುವ ತನಕ ಕಾಲ ತಳ್ಳಿದರೆ ಸಾಕಿತ್ತು. ತಾವು ಏಳನೆಯವರಾಗಿ ಇಳಿದು 270 ಹೊಡೆದರು, ಜ್ಯಾಕ್ ಫಿಂಗಲ್ಟನ್ ಜೊತೆ 346 ಸೇರಿಸಿದರು. ಸರಣಿಯಲ್ಲಿ 0-2 ಹಿಂದಿದ್ದ ತಂಡ 3-2ರಿಂದ ಗೆದ್ದಿತು. ಭತ್ತದ ಗದ್ದೆ ಒಣಗಲು ಕಾಯುವುದನ್ನು ಬಲ್ಲ ನಮ್ಮ ಕಡೆಯವರಿಗೆ ಬ್ರಾಡ್ಮನ್ ಮಾಡಿದ್ದನ್ನು ವಿವರಿಸಿ ಹೇಳಬೇಕಾಗಿಲ್ಲ.

ಎರಡನೆಯದು 2001ರ ಮಾರ್ಚ್, ಈಡನ್ ಗಾರ್ಡನ್ಸ್. ಆಸ್ಟ್ರೇಲಿಯದ 445ಕ್ಕೆ ಭಾರತ 171. ಫಾಲೋ ಆನ್. ಮೊದಲ ಇನಿಂಗ್ಸಿನಲ್ಲಿ ಆರನೆಯವರಾಗಿ ಬಂದ ವಿ.ವಿ.ಎಸ್. ಲಕ್ಷ್ಮಣ್ ಒಬ್ಬರೇ ಸಲೀಸಾಗಿ ಆಡಿದ್ದರು. ಅವರನ್ನು ಮೂರಕ್ಕೆ ಏರಿಸಿದರು, ಮೂರರಲ್ಲಿದ್ದ ದ್ರಾವಿಡ್ ಆರಕ್ಕೆ ಇಳಿದರು. ತನ್ನ ಖಾಯಂ ಜಾಗ ಬಿಟ್ಟುಕೊಡುವುದು ಯಾವ ಆಟಗಾರನಿಗೂ ಸಿಹಿಯಲ್ಲ. ಆಗ ಅವರ ಫಾರ್ಮ್ ಕೂಡ ಅಷ್ಟಕ್ಕಷ್ಟೆ. ಐದನೇ ವಿಕೆಟ್ಟಿಗೆ ಇಬ್ಬರೂ 376 ಸೇರಿಸಿದರು, ನಾಲ್ಕನೇ ದಿನ ಬೆಳಗಿನಿಂದ ಸಂಜೆಯ ತನಕ ಒಂದು ವಿಕೆಟ್ಟೂ ಬೀಳಲಿಲ್ಲ. ಲಕ್ಷ್ಮಣ್ 281, ದ್ರಾವಿಡ್ 180, ಭಾರತಕ್ಕೆ 171 ರನ್ನಿನ ಜಯ. ಈ ಪಂದ್ಯದ ಕತೆಯಲ್ಲಿ ಮೇಲೆ ಹೋದವನನ್ನೇ ಎಲ್ಲರೂ ನೆನೆಯುತ್ತಾರೆ. ಕೆಳಗೆ ಹೋದವನು 180 ಮಾಡದಿದ್ದರೆ ಆ ಅದಲುಬದಲು ಒಂದು ಹುಚ್ಚಾಟವೆಂದು ದಾಖಲಾಗುತ್ತಿತ್ತು.

ಎಲ್ಲ ಅದಲುಬದಲೂ ಫಲಿಸುವುದಿಲ್ಲ. ದ್ರಾವಿಡ್ ನಾಯಕ, ಗ್ರೆಗ್ ಚಾಪೆಲ್ ಕೋಚ್ ಆಗಿದ್ದ ಕಾಲ ಕ್ರಮಾಂಕದ ಪ್ರಯೋಗಶಾಲೆ. 2005ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಇರ್ಫಾನ್ ಪಠಾಣ್ ಅವರನ್ನು ಮೂರನೆಯವರಾಗಿ ಕಳಿಸಿ 83 ರನ್ ಪಡೆದರು. 2007ರ ವಿಶ್ವಕಪ್‌ನಲ್ಲಿ ಸಚಿನ್ ತೆಂಡೂಲ್ಕರ್ ಅವರನ್ನು ನಾಲ್ಕಕ್ಕೆ ಇಳಿಸಿದ್ದು ಕೈಕೊಟ್ಟಿತು, ತಂಡ ಮೊದಲ ಸುತ್ತಿನಲ್ಲೇ ಮನೆಗೆ ಬಂತು. ಇದಕ್ಕೆ ಕ್ರಮಾಂಕವೊಂದೇ ಕಾರಣವಲ್ಲವಾದರೂ ಬೈಗುಳ ಹೆಚ್ಚು ಬಿದ್ದದ್ದು ಅದರ ಮೇಲೆ. 2019ರ ಸೆಮಿಫೈನಲ್‌ನಲ್ಲಿ ಮೊದಲ ಮೂವರೂ ತಲಾ ಒಂದು ರನ್ನಿಗೆ ಔಟಾದಾಗ ಧೋನಿಯನ್ನು ಏಳರ ತನಕ ಕಾಯಿಸಿದ್ದಕ್ಕೂ ಹಾಗೆಯೇ. ಅದೇ ಧೋನಿ 2011ರ ಫೈನಲ್‌ನಲ್ಲಿ ಯುವರಾಜ್ ಸಿಂಗ್‌ಗಿಂತ ಮೊದಲು, ಐದನೆಯವರಾಗಿ ಇಳಿದು ಔಟಾಗದೆ 91 ಹೊಡೆದರು.

ಸಂಜೆ ಹೊತ್ತು ಮುಳುಗುವಾಗ ವಿಕೆಟ್ ಬಿದ್ದರೆ ಒಳ್ಳೆಯ ಬ್ಯಾಟರ್‌ನನ್ನು ಬಚ್ಚಿಟ್ಟು ಒಬ್ಬ ಬಾಲಂಗೋಚಿಯನ್ನು ಮುಂದೂಡುವುದುಂಟು. ಇವನು ನೈಟ್ ವಾಚ್‌ಮನ್. ರಾತ್ರಿ ಕಳೆದರೆ ಇವನ ಕೆಲಸ ಮುಗಿಯಿತು. ಸೈಯದ್ ಕಿರ್ಮಾನಿ 1979ರಲ್ಲಿ ಮುಂಬಯಿಯಲ್ಲಿ ಆಸ್ಟ್ರೇಲಿಯದ ವಿರುದ್ಧ ಕಾವಲಿಗೆಂದು ಹೋಗಿ ಔಟಾಗದೆ 101 ಹೊಡೆದು, ಕಾಯಲು ಬಂದವನೇ ಮನೆಯ ಯಜಮಾನನಾದ.

ಬಾಲಂಗೋಚಿ

ಭಾಗವತ್ ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು, 167 ರನ್ ಹೊಡೆದರು. ಪಡೆದ ವಿಕೆಟ್ಟಿಗಿಂತ ಹೊಡೆದ ರನ್ ಕಡಿಮೆ. ಹನ್ನೊಂದನೆಯ ಜಾಗಕ್ಕೆ ಇದಕ್ಕಿಂತ ಪರಿಶುದ್ಧ ಅರ್ಜಿ ಬೇರೆ ಬರಲಾರದು. ಆದರೂ ಆ ಕೊನೆಯ ಜಾಗಗಳು ಎಷ್ಟು ಬೆಲೆಬಾಳುತ್ತವೆಂಬುದಕ್ಕೆ 1975ರ ಜನವರಿಯ ಮದ್ರಾಸ್ ಟೆಸ್ಟ್ ಸಾಕ್ಷಿ. ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತು ಹಾಕಿದ ಇನಿಂಗ್ಸಿನಲ್ಲಿ ಭಾರತ 190. ಅದರಲ್ಲಿ ವಿಶ್ವನಾಥ್ ಒಬ್ಬರದೇ 97, ಔಟಾಗದೆ. ಕೊನೆಯ ಇಬ್ಬರು ಬೇಡಿ ಮತ್ತು ಚಂದ್ರಶೇಖರ್. ಅವರು ಎದುರು ತುದಿಯಲ್ಲಿ ನಿಂತದ್ದರಿಂದ ವಿಶ್ವನಾಥ್‌ಗೆ ಹೊಡೆಯಲು ಸಾಧ್ಯವಾಯಿತು. ನೂರಕ್ಕೆ ಮೂರು ರನ್ ಕಡಿಮೆ ಬಿತ್ತು, ಪಂದ್ಯ 100 ರನ್ನಿನಿಂದ ದಕ್ಕಿತು.

1983ರ ಜೂನ್ 18ರ ಟನ್‌ಬ್ರಿಜ್ ವೆಲ್ಸ್ ಕತೆಯಲ್ಲಿ ಕಪಿಲ್ ದೇವ್ ಅವರ 175 ಎಲ್ಲರಿಗೂ ಗೊತ್ತು. 17 ರನ್ನಿಗೆ 5 ವಿಕೆಟ್ ಬಿದ್ದಿತ್ತು, ಕಪಿಲ್ ಸ್ನಾನದ ಮನೆಯಿಂದ ಓಡಿಬಂದರೆಂಬ ಮಾತೂ ಉಂಟು. (ಭಾರತದ ನಡು ಕ್ರಮಾಂಕದವರು ಪಂದ್ಯದ ದಿನ ಸ್ನಾನ ಮುಂದೂಡುವುದು ಕ್ಷೇಮ.) ಆದರೆ ಅಂಕಪಟ್ಟಿಯ ಕೆಳಭಾಗ ನೋಡಿ: ಮೊದಲು ರೋಜರ್ ಬಿನ್ನಿ 22 ರನ್ ಮಾಡಿ ನಾಯಕನ ಜೊತೆ ಇನಿಂಗ್ಸನ್ನು ನಿಲ್ಲಿಸಿದರು. ಕೊನೆಗೆ ಹತ್ತನೆಯವರಾಗಿ ಬಂದ ಕಿರ್ಮಾನಿ ಔಟಾಗದೆ 24. ಒಂಬತ್ತನೇ ವಿಕೆಟ್ಟಿನ ಮುರಿಯದ ಜೊತೆಯಾಟ 126. ಬಿನ್ನಿ, ಕಿರ್ಮಾನಿ ಇಬ್ಬರೂ ಕರ್ನಾಟಕದವರು.

ಬೆಂಗಳೂರಿನವರಿಗೆ 1996ರ ಅಕ್ಟೋಬರ್ 21 ಮರೆಯದ ರಾತ್ರಿ. ಟೈಟನ್ ಕಪ್, ಆಸ್ಟ್ರೇಲಿಯ, ಗುರಿ 216. ತೆಂಡೂಲ್ಕರ್ 88ಕ್ಕೆ ಔಟಾಗಿ, 164ಕ್ಕೆ 8 ವಿಕೆಟ್ ಬಿದ್ದಾಗ ಜನ ಚಿನ್ನಸ್ವಾಮಿ ಕ್ರೀಡಾಂಗಣದ ಮೆಟ್ಟಿಲಿಳಿಯತೊಡಗಿದ್ದರು. ಜಾವಗಲ್ ಶ್ರೀನಾಥ್ 30, ಅನಿಲ್ ಕುಂಬ್ಳೆ 16. ಬೇಕಾದ 52ನ್ನು ಇಬ್ಬರೇ ಮಾಡಿದರು. ಗ್ಯಾಲರಿಯಲ್ಲಿ ಕುಂಬ್ಳೆಯವರ ಮನೆಯವರು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದುದು ಟಿ.ವಿ.ಯಲ್ಲಿ ಕಂಡಿತು. ಕಾಸರಗೋಡಿನ ಕುಂಬಳೆಯ ಹೆಸರು ಹೊತ್ತ ಈ ಬೌಲರ್ ಹನ್ನೊಂದು ವರ್ಷದ ಮೇಲೆ, 2007ರಲ್ಲಿ, ಓವಲ್‌ನಲ್ಲಿ ಎಂಟನೆಯವರಾಗಿ ಇಳಿದು ಔಟಾಗದೆ 110 ಹೊಡೆದರು. ಭಾರತ 664 ಮಾಡಿದ ಆ ಇನಿಂಗ್ಸಿನಲ್ಲಿ ನೂರು ಮುಟ್ಟಿದವರು ಅವರೊಬ್ಬರೇ.

ಬಾಲ ಎದುರು ತಂಡದ್ದಾದರೆ ಕುಟುಕುತ್ತದೆ ಕೂಡ. 1981-82ರ ರಣಜಿ ಫೈನಲ್‌ನಲ್ಲಿ ಕರ್ನಾಟಕ ದೆಹಲಿಯ ಕೋಟ್ಲಾದಲ್ಲಿ 705 ರನ್ ಪೇರಿಸಿತು. ಇನ್ನೇನು ಟ್ರೋಫಿ ಎನ್ನುವಾಗ ದೆಹಲಿ 8 ವಿಕೆಟ್ಟಿಗೆ 589. ಅಲ್ಲಿಂದ ರಾಕೇಶ್ ಶುಕ್ಲಾ 69, ರಾಜೇಶ್ ಪೀಟರ್ 67, ಇಬ್ಬರೂ ಔಟಾಗದೆ 118 ಸೇರಿಸಿ 707 ಮಾಡಿದರು. ಈ ಸೋಲಿನ ಸಾಲವನ್ನು ಕರ್ನಾಟಕ 2014-15ರ ಫೈನಲ್‌ನಲ್ಲಿ ಬೇರೆಯವರಿಂದ ವಸೂಲಿ ಮಾಡಿತು. ವಾಂಖೆಡೆಯಲ್ಲಿ ತಮಿಳುನಾಡನ್ನು 134ಕ್ಕೆ ಉರುಳಿಸಿ, ತಾನೂ 84ಕ್ಕೆ 5 ವಿಕೆಟ್ ಕಳಕೊಂಡಿತು. ಆರನೇ ವಿಕೆಟ್ಟಿಗೆ ಕರುಣ್ ನಾಯರ್ (328) ಮತ್ತು ಕಾಲುನೋವಿನ ರಾಹುಲ್ (188) 386 ಸೇರಿಸಿದರು. ದಾವಣಗೆರೆಯ ವಿನಯ್ ಕುಮಾರ್, ಐದು ವಿಕೆಟ್ ಪಡೆದ ನಾಯಕ, ಕೆಳ ಕ್ರಮಾಂಕದಲ್ಲಿ ಬಂದು 105. ಒಟ್ಟು 762.

ಮಹಿಳೆಯರ ಆಟದಲ್ಲಿ ಕೆಳ ಕ್ರಮಾಂಕದ ಕೊರತೆ ಬಹಳ ಕಾಲ ಕಾಡಿದೆ. 2017ರ ಜುಲೈ 23ರಂದು ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್. ಇಂಗ್ಲೆಂಡಿನ 228ನ್ನು ಬೆನ್ನಟ್ಟಿದ ಭಾರತ 3 ವಿಕೆಟ್ಟಿಗೆ 191 ಇತ್ತು. ಕಡೂರಿನ ವೇದಾ ಕೃಷ್ಣಮೂರ್ತಿ 35 ಮಾಡಿ ಗೆಲುವಿನ ಹತ್ತಿರ ತಂದಿದ್ದರು. ಅಲ್ಲಿಂದ 28 ರನ್ನಿಗೆ 7 ವಿಕೆಟ್. 219ಕ್ಕೆ ಎಲ್ಲ ಮುಗಿದು, 9 ರನ್ನಿನ ಸೋಲು.

ಚೆಂಡು ಎಣಿಸುವ ಆಟ

ಟಿ20 ಬಂದ ಮೇಲೆ ಕ್ರಮಾಂಕದ ಅರ್ಥ ತಲೆಕೆಳಗಾಯಿತು. ಹತ್ತು ವಿಕೆಟ್ಟಿದೆ, ಚೆಂಡು 120 ಮಾತ್ರ. ವಿಕೆಟ್ ಉಳಿಸುವವನಿಗಿಂತ ಚೆಂಡು ಹಾಳುಮಾಡದವನು ಬೇಕು. 2008ರ ಏಪ್ರಿಲ್ 18ರ ಮೊದಲ ಐಪಿಎಲ್ ಪಂದ್ಯದಲ್ಲಿ ಬೆಂಗಳೂರು ತಂಡ ದ್ರಾವಿಡ್ ಮತ್ತು ವಾಸಿಂ ಜಾಫರ್ ಎಂಬ ಟೆಸ್ಟ್ ಜೋಡಿಯನ್ನು ಆರಂಭಕ್ಕಿಳಿಸಿ 82ಕ್ಕೆ ಆಲೌಟಾಯಿತು. ಮರು ವರ್ಷ ಮನೀಶ್ ಪಾಂಡೆ ಆರಂಭಿಕರಾಗಿ 114 ಹೊಡೆದು, ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯರಾದರು. 2013ರಲ್ಲಿ ಕ್ರಿಸ್ ಗೇಲ್ ಅದೇ ಜಾಗದಿಂದ ಔಟಾಗದೆ 175. ಈಗ ಕೋಚ್‌ಗಳು ‘ನೀನು ಐದನೆಯವನು’ ಎನ್ನುವುದು ಕಡಿಮೆ. ಎಷ್ಟನೇ ಓವರಿನಲ್ಲಿ, ಯಾವ ಬೌಲರ್ ಬಂದಾಗ ಇಳಿಯಬೇಕೆಂದು ಹೇಳುತ್ತಾರೆ. ಲೆಗ್ ಸ್ಪಿನ್ನರ್ ಬಂದನೆಂದರೆ ಎಡಗೈಯವನು ಪ್ಯಾಡ್ ಕಟ್ಟುತ್ತಾನೆ. 2022ರ ಏಪ್ರಿಲ್‌ನಲ್ಲಿ ರವಿಚಂದ್ರನ್ ಅಶ್ವಿನ್ ಹೊಡೆಯುವವನಿಗೆ ಜಾಗ ಬಿಡಲೆಂದು ತಾವೇ ‘ರಿಟೈರ್ಡ್ ಔಟ್’ ಆಗಿ ಹೊರನಡೆದರು. ಪಿಂಚ್ ಹಿಟ್ಟರ್ ಎಂಬ ಪದ ಬೇಸ್‌ಬಾಲಿನಿಂದ ಬಂದದ್ದು. ಅಲ್ಲಿ ಅದು ಬದಲಿ ಆಟಗಾರ, ಇಲ್ಲಿ ಸರದಿ ತಪ್ಪಿಸಿ ಮೇಲೆ ಕಳಿಸಿದ ಹೊಡೆತಗಾರ.

ಗದ್ದೆ ಬಯಲಿನ ಕ್ರಮಾಂಕ

ನಮ್ಮ ಬನವಾಸಿ ಸೀಮೆಯ ಆಟ ಈ ಎಲ್ಲಕ್ಕಿಂತ ಚಿಕ್ಕದು. ಭತ್ತ ಕೊಯ್ದಾದ ಮೇಲೆ ಡಿಸೆಂಬರ್-ಜನವರಿಯಿಂದ ಮಳೆ ಬೀಳುವ ತನಕ ಋತು. ಕೂಳೆ ಸವರಿ, ಹೆಂಟೆ ಒಡೆದು, ನೀರು ಚಿಮುಕಿಸಿ ತುಳಿದರೆ ಪಿಚ್ ಸಿದ್ಧ. ಬನವಾಸಿಯ ಕಡೆ ವರದಾ ನದಿಯ ಬದಿಯ ಗದ್ದೆಗಳು ಅಗಲ, ಅಲ್ಲಿ ನಾಲ್ಕೂ ದಿಕ್ಕಿಗೆ ಹೊಡೆಯಬಹುದು. ಸಿದ್ದಾಪುರದ ಕಣಿವೆಗಳಲ್ಲಿ ಒಂದು ಬದಿಗೆ ಅಡಿಕೆ ತೋಟ, ಇನ್ನೊಂದು ಬದಿಗೆ ಸೊಪ್ಪಿನ ಬೆಟ್ಟ. ತೋಟಕ್ಕೆ ಹೊಡೆದರೆ ಚೆಂಡು ಬಸಿಗಾಲುವೆ ಸೇರುತ್ತದೆ, ಹುಡುಕುವುದರಲ್ಲಿ ಹೊತ್ತು ಮುಳುಗುತ್ತದೆ. ಹಾಗಾಗಿ ಎಷ್ಟೋ ಕಡೆ ತೋಟಕ್ಕೆ ಬಿದ್ದರೆ ಔಟ್ ಎಂಬ ನಿಯಮ. ತೋಟ ಬಲಗೈಯವನ ಲೆಗ್ ಬದಿಗಿದ್ದರೆ ಊರಿನ ಒಬ್ಬನೇ ಎಡಗೈಯವನಿಗೆ ಓಪನಿಂಗ್ ಖಾಯಂ, ಅವನ ಎಳೆತವೆಲ್ಲ ಬೆಟ್ಟದ ಕಡೆಗೇ ಹೋಗುತ್ತದಲ್ಲ.

ಮಕ್ಕಳ ಆಟದಲ್ಲಿ ಕ್ರಮಾಂಕವನ್ನು ಚೀಟಿಯಿಲ್ಲದ ಚೀಟಿ ಎತ್ತಿ ನಿರ್ಧರಿಸುತ್ತಾರೆ. ಒಬ್ಬ ಕುಕ್ಕರುಗಾಲಿನಲ್ಲಿ ಕೂತು ಮಣ್ಣಿನಲ್ಲಿ ಕಡ್ಡಿಯಿಂದ ಉದ್ದುದ್ದ ಗೆರೆ ಎಳೆಯುತ್ತಾನೆ, ಎಷ್ಟು ಜನವೋ ಅಷ್ಟು. ಗೆರೆಯ ಒಂದು ತುದಿಗೆ ಮನಬಂದಂತೆ 3, 1, 5, 2 ಎಂದು ಅಂಕೆ ಬರೆದು, ಅವುಗಳ ಮೇಲೆ ಬ್ಯಾಟನ್ನು ಅಡ್ಡ ಮಲಗಿಸುತ್ತಾನೆ. ಬ್ಯಾಟು ಅಂದರೆ ಒಂದು ಕಾಲಕ್ಕೆ ಕೆತ್ತಿದ ತೆಂಗಿನ ಮಟ್ಟೆ. ಅದರ ಬುಡ ಅಗಲವಾದ್ದರಿಂದ ಅಂಕೆಗಳು ಚೆನ್ನಾಗಿ ಮುಚ್ಚುತ್ತಿದ್ದವು. ಅಷ್ಟು ಹೊತ್ತು ಬೆನ್ನು ತಿರುಗಿಸಿ ನಿಂತವರು ಈಗ ಬಂದು ಗೆರೆಯ ಈ ತುದಿಯಲ್ಲಿ ಬೆರಳಿಡುತ್ತಾರೆ. ಬರೆದವನಿಗೆ ಎಲ್ಲರೂ ಬಿಟ್ಟ ಗೆರೆ. ಬ್ಯಾಟು ಎತ್ತಿದ ಕೂಡಲೇ ಒಂದು ಬಂದವನ ಕೂಗು, ಕೊನೆಯದು ಬಂದವನ ತಕರಾರು. ಬ್ಯಾಟಿನ ಒಡೆಯ ಈ ಲಾಟರಿಗೆ ಕೂರುವುದಿಲ್ಲ, ಅವನು ಹುಟ್ಟಾ ಓಪನರ್.

ದೊಡ್ಡವರ ಪಂದ್ಯ ಆರೋ ಎಂಟೋ ಓವರಿನದು. ಟೆನಿಸ್ ಚೆಂಡು, ಊರಿಂದೂರಿಗೆ ನಿಯಮ ಬೇರೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಹಬ್ಬಿರುವ ಅಂಡರ್ ಆರ್ಮ್ ಆಟದಲ್ಲಂತೂ ಬೌಲರ್ ಕೈ ಎತ್ತದೆ ಸೊಂಟದ ಕೆಳಗಿನಿಂದ ಚೆಂಡು ಬಿಡುತ್ತಾನೆ, ರಾತ್ರಿ ದೀಪದ ಬೆಳಕಿನಲ್ಲಿ ಕಿರಿದಾದ ಅಂಕಣದಲ್ಲಿ ಪಂದ್ಯ. ಆರು ಓವರೆಂದರೆ 36 ಚೆಂಡು. ಅಲ್ಲಿ ಒನ್ ಡೌನ್‌ಗೆಂದು ಯಾರನ್ನಾದರೂ ಬಚ್ಚಿಟ್ಟರೆ ಅವನು ಪ್ಯಾಡಿಲ್ಲದೆ ಬದುವಿನ ಮೇಲೆ ಕೂತೇ ಪಂದ್ಯ ಮುಗಿದಿರುತ್ತದೆ. ಆದ್ದರಿಂದ ನಾಯಕ ಅತ್ಯುತ್ತಮ ಇಬ್ಬರನ್ನು ಮೊದಲೇ ಕಳಿಸುತ್ತಾನೆ. ಹೆಚ್ಚು ಸರದಿ ಉತ್ತಮನಿಗೆ ಸಿಗಲೆಂದು ಅಮೆರಿಕದ ಪಂಡಿತರು ಹೇಳಿದ್ದೂ ಇದನ್ನೇ. ಗದ್ದೆಯ ನಾಯಕ ಇದಕ್ಕೆ ಕಂಪ್ಯೂಟರ್ ಹಚ್ಚಿರುವುದಿಲ್ಲ.

ಅವನಿಗೆ ಬೇರೆ ಲೆಕ್ಕಗಳಿರುತ್ತವೆ. ಕೊನೆ ಕೊಯ್ಲಿನ ಕಾಲದಲ್ಲಿ ಒಳ್ಳೆಯ ಆಟಗಾರ ರಾತ್ರಿ ಒಂದರ ತನಕ ಅಡಿಕೆ ಸುಲಿದು ತಡವಾಗಿ ಬರುತ್ತಾನೆ, ಅವನು ಬರುವ ತನಕ ಬಂದವರನ್ನೇ ಇಳಿಸಬೇಕು. ಬ್ರಾಡ್ಮನ್ ಪಿಚ್ ಒಣಗಲೆಂದು ಕಾದರು, ಇವನು ಬೈಕಿನ ಸದ್ದಿಗೆ ಕಾಯುತ್ತಾನೆ. ದೇಣಿಗೆ ಕೊಟ್ಟವರ ಮಗನನ್ನು ಎಲ್ಲಾದರೂ ಒಂದು ಕಡೆ ತೂರಿಸಬೇಕು. ವಿಕೆಟ್ ಬಿದ್ದೊಡನೆ ಬ್ಯಾಟು ಹಿಡಿದೆದ್ದ ಹುಡುಗನಿಗೆ ‘ತಮಾ, ನೀ ಈಗ ಹೋಗಡ, ಮುಂದಿಂದಕ್ಕೆ ಹೋಗು’ ಎನ್ನುವ ಮಾತು ಶಿರಸಿ, ಸಿದ್ದಾಪುರದ ಬದುಗಳ ಮೇಲೆ ಪ್ರತಿ ಭಾನುವಾರ ಕೇಳುತ್ತದೆ. ಸ್ಕೋರ್ ಬರೆಯುವವನು ಮೊದಲಿಬ್ಬರ ಹೆಸರನ್ನಷ್ಟೇ ಪೆನ್ನಿನಲ್ಲಿ ಬರೆದು, ಉಳಿದ ಸಾಲುಗಳನ್ನು ಖಾಲಿ ಬಿಟ್ಟಿರುತ್ತಾನೆ.

ಜನ ಕಡಿಮೆಯಾದಾಗ ‘ಲಾಸ್ಟ್ ಮ್ಯಾನ್ ಬ್ಯಾಟಿಂಗ್’ ಇರುತ್ತದೆ. ಕ್ರಿಕೆಟ್ ನಿಯಮದಲ್ಲಿ ಹತ್ತು ವಿಕೆಟ್ ಬಿದ್ದರೆ ಜೊತೆಗಾರನಿಲ್ಲದೆ ಹನ್ನೊಂದನೆಯವನೂ ಹೊರಬರಬೇಕು. ಇಲ್ಲಿ ಉಳಿದವನು ಒಬ್ಬನೇ ಆಡುತ್ತಾನೆ. ಎದುರು ತುದಿಯಲ್ಲಿ ಯಾರೂ ಇಲ್ಲದ್ದರಿಂದ ಒಂದು ರನ್ ಲೆಕ್ಕಕ್ಕಿಲ್ಲ. ಹೋಗಿ ಕೋಲು ಮುಟ್ಟಿ ತಿರುಗಿ ಬಂದರೆ ಎರಡು, ಇಲ್ಲವಾದರೆ ನಾಲ್ಕೋ ಆರೋ ಹೊಡೆಯಬೇಕು.